ಮೊದಲು ಬಾಯಿ ನೋಡಿ, ಆಮೇಲೆ ಪಟ ತೆಗೆಯಿರಿ!

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬುದು ನಮ್ಮ ಹಿರಿಯರ ಗಾದೆ. ಇಂದಿನ ಹಲ್ಲಿನ ದವಾಖಾನೆಗಳ ವ್ಯವಹಾರವನ್ನು ಅವರು ಕಂಡಿದ್ದರೆ ಅದಕ್ಕೆ ಇನ್ನೊಂದು ಮಾತನ್ನು ಜೋಡಿಸುತ್ತಿದ್ದರು: ಪಟ ಬೇಕಾದವನಿಗೆ ಯಂತ್ರವಿಲ್ಲ, ಯಂತ್ರದ ಮುಂದೆ ನಿಂತವನಿಗೆ ಪಟ ಬೇಕಾಗಿಲ್ಲ.

ಕಳೆದ ತಿಂಗಳು ನಮ್ಮ ಕಛೇರಿಗೆ ಇಬ್ಬರು ಬಂದಿದ್ದರು. ಒಬ್ಬಾಕೆ ನೂಲಿನ ಮಿಲ್ಲಿನಲ್ಲಿ ದುಡಿಯುವ ತಾಯಿ. ಕೆಳದವಡೆಯ ಒಂದು ಹಲ್ಲು ಮೂರು ರಾತ್ರಿ ನಿದ್ದೆಗೊಡಲಿಲ್ಲ. ಲವಂಗ ಕಚ್ಚಿದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು. ನಾಲ್ಕನೆಯ ದಿನ ರಜೆ ಹಾಕಿ ದೊಡ್ಡ ರಸ್ತೆಯ ಒಂದು ಖಾಸಗಿ ದವಾಖಾನೆಗೆ ಹೋದರು. ಅಲ್ಲಿ ಯಾರೂ ಆಕೆಯ ಬಾಯಿ ನೋಡಲಿಲ್ಲ. “ಅಮ್ಮಾ, ಮೊದಲು ಫುಲ್ ಫೋಟೋ ತೆಗೆಸಿಕೊಂಡು ಬನ್ನಿ” ಎಂದು ಕೌಂಟರಿನಲ್ಲಿದ್ದ ಹುಡುಗಿ ಚೀಟಿ ಕೊಟ್ಟಳು. ಒಂದು ದಿನದ ಕೂಲಿಗಿಂತ ಹೆಚ್ಚು ಹಣ ತೆತ್ತದ್ದಾಯಿತು. ಆಮೇಲೆ ಕೈಗೆ ಬಂದದ್ದು ಒಂದು ಪಟ್ಟಿ: ನಾಲ್ಕು ಹಲ್ಲಿಗೆ ರೂಟ್ ಕೆನಾಲ್, ನಾಲ್ಕು ಕ್ಯಾಪು, ಎರಡು ಹಲ್ಲು ಕೀಳಬೇಕು. ಮೊತ್ತ ಮೂರು ತಿಂಗಳ ಸಂಬಳ. ಆಕೆ ತನ್ನ ಪಟವನ್ನು ಕೇಳಿದರೆ “ಅದು ಕಂಪ್ಯೂಟರಿನಲ್ಲಿದೆ” ಎಂಬ ಉತ್ತರ. ನಂತರ ಸರ್ಕಾರಿ ಆಸ್ಪತ್ರೆಯ ದಂತವೈದ್ಯರೊಬ್ಬರು ಕನ್ನಡಿ ಹಿಡಿದು ಬಾಯಿಯೊಳಗೆ ನೋಡಿ, ಹಲ್ಲನ್ನು ತಟ್ಟಿ ನೋಡಿ, ನೋವಿದ್ದ ಕಡೆಯ ಒಂದು ಸಣ್ಣ ಪಟ ತೆಗೆದರು. ಕೆಟ್ಟದ್ದು ಒಂದೇ ಹಲ್ಲು.

ಇನ್ನೊಬ್ಬರು ತಾಲ್ಲೂಕು ಊರಿನ ಕಿರಾಣಿ ಅಂಗಡಿಯವರು. ಎರಡು ವರ್ಷಗಳಿಂದ ಅವರ ದವಡೆ ಒಂದು ಕಡೆ ಮೆಲ್ಲನೆ ಊದುತ್ತ ಬಂತು. ನೋವು ಹೆಚ್ಚಿಲ್ಲ, ಹಲ್ಲು ಮಾತ್ರ ಅಲುಗಾಡುತ್ತಿತ್ತು. ಒಂದನ್ನು ಕಿತ್ತರು, ಗುಳಿಗೆ ಕೊಟ್ಟರು. ಆರು ತಿಂಗಳಾದ ಮೇಲೆ ಎರಡನೆಯದನ್ನು ಕಿತ್ತರು, ಮತ್ತೆ ಗುಳಿಗೆ. ಮೂರನೆಯದೂ ಹೋಯಿತು. ಇಡೀ ದವಡೆಯ ಪಟ ತೆಗೆಯುವ ಯಂತ್ರ ಅವರ ತಾಲ್ಲೂಕಿನಲ್ಲೇ ಇರಲಿಲ್ಲ. ದೂರದ ಊರಿಗೆ ಹೋಗಿ ತೆಗೆಸಿಕೊಂಡು ಬನ್ನಿ ಎಂದು ಹೇಳುವವರೂ ಇರಲಿಲ್ಲ. ಕೊನೆಗೆ ಬೇರೊಂದು ಜಿಲ್ಲೆಯ ದಂತ ವೈದ್ಯಕೀಯ ಕಾಲೇಜಿನಲ್ಲಿ ಪಟ ತೆಗೆದಾಗ ಎಲುಬಿನೊಳಗೆ ಜೇನುಗೂಡಿನಂತೆ ತೂತು ಬಿದ್ದಿತ್ತು. ಅಮೆಲೋಬ್ಲಾಸ್ಟೋಮಾ ಎಂಬ, ನಿಧಾನವಾಗಿ ಬೆಳೆದು ಎಲುಬನ್ನು ತಿನ್ನುವ ಗೆಡ್ಡೆ ಅದು. ಅಷ್ಟು ಹೊತ್ತಿಗೆ ಅರ್ಧ ದವಡೆಯನ್ನೇ ಕತ್ತರಿಸಬೇಕಾಯಿತು. ಇಂದು ಅವರ ಊಟ ಗಂಜಿ.

ಒಬ್ಬರಿಗೆ ಬೇಡದ ಪಟವನ್ನು ಮಾರಲಾಯಿತು. ಇನ್ನೊಬ್ಬರಿಗೆ ಬೇಕಾದ ಪಟ ಎರಡು ವರ್ಷ ಸಿಗಲಿಲ್ಲ. ಇವೆರಡೂ ಬೇರೆ ಬೇರೆ ಕಥೆಗಳೆಂದು ಯಾರೂ ತಿಳಿಯಬಾರದು. ಯಂತ್ರ ತಿರುಗಬೇಕಾದದ್ದು ರೋಗಿಯ ಅಗತ್ಯಕ್ಕೋ, ಯಂತ್ರದ ಕಂತಿಗೋ ಎಂಬ ಒಂದೇ ಪ್ರಶ್ನೆಯ ಎರಡು ಮುಖಗಳಿವು. ಈ ವಾರ ನಾವು ಆ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇವೆ.

ಈ ವಿದ್ಯೆ ಯಾರ ಸೊತ್ತು?

1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ತ್ಸ್‌ಬರ್ಗ್ ಊರಿನ ಪ್ರಯೋಗಶಾಲೆಯಲ್ಲಿ ವಿಲ್ಹೆಲ್ಮ್ ರಾಂಟ್ಜೆನ್ ಎಂಬ ಪ್ರಾಧ್ಯಾಪಕರಿಗೆ ಕಣ್ಣಿಗೆ ಕಾಣದ ಒಂದು ಕಿರಣ ಗೋಚರಕ್ಕೆ ಬಂತು. ಅದು ಏನೆಂದು ತಿಳಿಯದ್ದರಿಂದ ಅದಕ್ಕೆ ಎಕ್ಸ್ ಕಿರಣ ಎಂದೇ ಹೆಸರಿಟ್ಟರು. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಅವರಿಗೆ ಸಂದಿತು. ನಮ್ಮ ಓದುಗರು ನೆನಪಿಡಬೇಕಾದ ಸಂಗತಿ ಬೇರೆ ಇದೆ. ರಾಂಟ್ಜೆನ್ ಈ ಶೋಧಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಅದು ಮನುಕುಲಕ್ಕೆ ಸೇರಿದ್ದೆಂದು ಬಿಟ್ಟುಕೊಟ್ಟರು. ಬಹುಮಾನದ ಹಣವನ್ನೂ ತಮ್ಮ ವಿಶ್ವವಿದ್ಯಾಲಯಕ್ಕೆ ಕೊಟ್ಟರು.

1896ರ ಜನವರಿಯಲ್ಲಿ, ಸುದ್ದಿ ಹೊರಬಿದ್ದ ಕೆಲವೇ ದಿನಗಳಲ್ಲಿ, ಜರ್ಮನಿಯ ದಂತವೈದ್ಯ ಓಟೋ ವಾಲ್ಕಾಫ್ ತಮ್ಮದೇ ಹಲ್ಲಿನ ಪಟ ತೆಗೆಸಿಕೊಂಡರು. ಇಪ್ಪತ್ತೈದು ನಿಮಿಷ ಅಲುಗಾಡದೆ ಇರಬೇಕಾಯಿತು. ಅದೇ ವರ್ಷ ಅಮೆರಿಕದ ನ್ಯೂ ಆರ್ಲಿಯನ್ಸಿನಲ್ಲಿ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯರು ಈ ಕೆಲಸಕ್ಕೆ ಕೈಹಾಕಿದರು. ಕಿರಣದ ಅಪಾಯ ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ರೋಗಿಗಳ ಬಾಯಲ್ಲಿ ಫಿಲ್ಮನ್ನು ತಮ್ಮ ಬೆರಳಿನಿಂದಲೇ ಹಿಡಿದು ಹಿಡಿದು ಅವರ ಕೈಗೆ ಕ್ಯಾನ್ಸರ್ ಹತ್ತಿತು. ಮೊದಲು ಬೆರಳು, ಆಮೇಲೆ ಕೈ, ಆಮೇಲೆ ತೋಳನ್ನೇ ಕಳೆದುಕೊಂಡು, ನೋವು ತಾಳಲಾರದೆ 1928ರಲ್ಲಿ ಪ್ರಾಣ ಕಳೆದುಕೊಂಡರು. ಇಂದು ನಾವು ಹದಿನೈದು ಸೆಕೆಂಡು ನಿಂತು ಬರುವ ಯಂತ್ರದ ಹಿಂದೆ ಇಂಥವರ ಮಾಂಸ, ಮೂಳೆಗಳಿವೆ.

ಇಡೀ ದವಡೆಯನ್ನು ಒಂದೇ ಪಟದಲ್ಲಿ ಹಿಡಿಯುವ ಪ್ರಯೋಗವನ್ನು ಜಪಾನಿನ ನುಮಾಟಾ 1933ರಲ್ಲಿ ಮಾಡಿದ್ದರು. ಅದನ್ನು ಬಳಕೆಗೆ ತಂದವರು ಫಿನ್ಲೆಂಡಿನ ಹೆಲ್ಸಿಂಕಿಯ ಪಾಟೆರೋ. 1940ರ ದಶಕದ ಕೊನೆಯಿಂದ 1950ರ ದಶಕದುದ್ದಕ್ಕೂ ಅವರು ಇದರ ಬೆನ್ನು ಹತ್ತಿದ್ದರು. ಮೊದಮೊದಲು ರೋಗಿಯನ್ನೇ ಕುರ್ಚಿಯಲ್ಲಿ ಕೂರಿಸಿ ತಿರುಗಿಸುತ್ತಿದ್ದರು. ಆಮೇಲೆ ಯಂತ್ರವೇ ರೋಗಿಯ ಸುತ್ತ ತಿರುಗತೊಡಗಿತು. 1960ರ ದಶಕದಲ್ಲಿ ಅದು ದೇಶದೇಶಗಳ ಆಸ್ಪತ್ರೆ ಸೇರಿತು. ಆರ್ಥೋಪ್ಯಾಂಟೊಮೊಗ್ರಾಂ ಎಂಬ ಉದ್ದ ಹೆಸರನ್ನು ಮೊಟಕು ಮಾಡಿ ನಮ್ಮ ದವಾಖಾನೆಗಳಲ್ಲಿ ಓ.ಪಿ.ಜಿ. ಎನ್ನುತ್ತಾರೆ. ಜನರ ಬಾಯಲ್ಲಿ ಅದು “ಫುಲ್ ಫೋಟೋ”.

ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿ, ಪೇಟೆಂಟಿನ ಬೀಗವಿಲ್ಲದೆ ಲೋಕಕ್ಕೆ ಬಂದ ಕಿರಣ ಇದು. ಇದನ್ನು ಈಗ ಯಾರು ಯಾರಿಗೆ ಮಾರುತ್ತಿದ್ದಾರೆ ಎಂದು ಕೇಳುವ ಹಕ್ಕು ದುಡಿಯುವ ಜನಕ್ಕೆ ಇಲ್ಲವೇ?

ಪಟ ಹೇಳುವುದೇನು, ಹೇಳದಿರುವುದೇನು

ಮೋಸ ಹೋಗದಿರಬೇಕಾದರೆ ಸರಕು ಏನೆಂದು ತಿಳಿದಿರಬೇಕು. ಅಂಗಡಿಯ ಬಂಧುಗಳಿಗೆ ಇದನ್ನು ನಾವು ಹೇಳಿಕೊಡಬೇಕಾಗಿಲ್ಲ.

ಯಂತ್ರದ ಮುಂದೆ ನಿಲ್ಲಿಸಿ, ಗಲ್ಲವನ್ನು ಒಂದು ಆಸರೆಯ ಮೇಲೆ ಇಡಿಸಿ, ಮುಂದಿನ ಹಲ್ಲುಗಳಲ್ಲಿ ಒಂದು ಕಡ್ಡಿಯನ್ನು ಕಚ್ಚಿಸುತ್ತಾರೆ. ಒಂದು ಕಡೆ ಕಿರಣದ ಕೊಳವೆ, ಎದುರುಗಡೆ ಪಟ ಹಿಡಿಯುವ ಫಲಕ. ಎರಡೂ ಒಟ್ಟಿಗೆ ತಲೆಯ ಸುತ್ತ ತಿರುಗುತ್ತವೆ. ದವಡೆಯು ಕುದುರೆಯ ಲಾಳದ ಆಕಾರದಲ್ಲಿದೆಯಲ್ಲ, ಆ ಆಕಾರದ ಒಂದು ಪಟ್ಟಿ ಮಾತ್ರ ಸ್ಪಷ್ಟವಾಗಿ ಮೂಡುವಂತೆ, ಅದರ ಹಿಂದುಮುಂದಿನದೆಲ್ಲ ಮಸುಕಾಗುವಂತೆ ಅದರ ಗತಿಯನ್ನು ಹೊಂದಿಸಿರುತ್ತಾರೆ. ಸುಮಾರು ಹದಿನೈದು ಸೆಕೆಂಡಿನಲ್ಲಿ ಮೂವತ್ತೆರಡು ಹಲ್ಲು, ಮೇಲಿನ ಮತ್ತು ಕೆಳಗಿನ ದವಡೆ, ಕಿವಿಯ ಮುಂದಿನ ಕೀಲು, ಎಲ್ಲವೂ ಒಂದೇ ಪಟದಲ್ಲಿ ಬಿಡಿಸಿಟ್ಟಂತೆ ಬರುತ್ತವೆ. ಓಲೆ, ಮೂಗುತಿ, ಸರ ತೆಗೆದಿಡಿ ಎನ್ನುವುದು ಸುಮ್ಮನೆಯಲ್ಲ. ಎಡಗಿವಿಯ ಓಲೆಯ ನೆರಳು ಬಲದವಡೆಯ ಮೇಲೆ ಬಿದ್ದು ಇಲ್ಲದ ರೋಗವನ್ನು ತೋರಿಸಬಹುದು. ತಲೆ ಅಲುಗಿದರೂ, ಗಲ್ಲ ಓರೆಯಾದರೂ ಪಟ ಕೆಡುತ್ತದೆ.

ಇದರ ಉಪಕಾರ ದೊಡ್ಡದು. ಕೊನೆಯ ಬುದ್ಧಿಹಲ್ಲು ವಸಡಿನೊಳಗೇ ಅಡ್ಡ ಮಲಗಿದ್ದರೆ, ಅದರ ಬೇರು ಕೆಳದವಡೆಯ ನರಕ್ಕೆ ಎಷ್ಟು ಹತ್ತಿರ ಎಂಬುದು ಇದರಲ್ಲಿ ಕಾಣುತ್ತದೆ. ಅದನ್ನು ನೋಡದೆ ಕಿತ್ತು ನರಕ್ಕೆ ಪೆಟ್ಟಾದರೆ ಕೆಳತುಟಿ ಮರಗಟ್ಟಿ ಹೋಗಬಹುದು. ಲಾರಿಯಿಂದ ಬಿದ್ದ ಹಮಾಲ, ಬೈಕಿನಿಂದ ಬಿದ್ದ ಹುಡುಗ, ಯಂತ್ರದ ಪೆಟ್ಟು ತಿಂದ ಕಾರ್ಮಿಕ, ಇವರ ದವಡೆ ಎಲ್ಲಿ ಮುರಿದಿದೆಯೆಂದು ತೋರಿಸುತ್ತದೆ. ಎಲುಬಿನೊಳಗೆ ಸದ್ದಿಲ್ಲದೆ ಬೆಳೆಯುವ ನೀರುಗುಳ್ಳೆ, ಗೆಡ್ಡೆಗಳು ಕಾಣುತ್ತವೆ. ನಮ್ಮ ಕಿರಾಣಿ ಅಂಗಡಿಯವರನ್ನು ಉಳಿಸಬಹುದಾಗಿದ್ದದ್ದು ಇದೇ. ಹಾಲುಹಲ್ಲು ಬಿದ್ದ ಮಗುವಿಗೆ ಹೊಸ ಹಲ್ಲು ಒಳಗಿದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ.

ಇನ್ನೊಂದು ಉಪಕಾರವಂತೂ ನಮ್ಮ ಜನಕ್ಕೇ ಮಾಡಿಸಿದಂತಿದೆ. ಗುಟ್ಕಾ, ಅಡಿಕೆ ಜಗಿದು ಜಗಿದು ಒಳಕೆನ್ನೆ ಚರ್ಮದ ಹಾಗೆ ಬಿಗಿದು ಬಾಯಿಯೇ ತೆರೆಯದವರು ನಮ್ಮ ಮಿಲ್ಲು, ಮಂಡಿ, ಬಸ್ ನಿಲ್ದಾಣಗಳಲ್ಲಿ ಎಷ್ಟು ಮಂದಿಯಿಲ್ಲ! ಆರೋಗ್ಯವಂತನ ಬಾಯಲ್ಲಿ ಮೂರು ಬೆರಳು ಒಂದರ ಮೇಲೊಂದು ಹಿಡಿಸುತ್ತವೆ. ಇವರ ಬಾಯಲ್ಲಿ ಒಂದು ಬೆರಳೂ ಕಷ್ಟ. ಸಣ್ಣ ಫಿಲ್ಮನ್ನು ಒಳಗಿಡುವುದು ಇವರಲ್ಲಿ ಸಾಧ್ಯವೇ ಇಲ್ಲ. ಹೊರಗಿನಿಂದಲೇ ತೆಗೆಯುವ ಈ ದೊಡ್ಡ ಪಟವೇ ಇವರಿಗೆ ದಾರಿ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಬಂತು. ಕಂಪನಿಗಳ ಲಾಭ ನಿಲ್ಲಲಿಲ್ಲ, ನಮ್ಮವರ ಬಾಯಿ ಮುಚ್ಚುವುದೂ ನಿಲ್ಲಲಿಲ್ಲ.

ಇನ್ನು ಈ ಪಟ ಹೇಳದಿರುವುದನ್ನೂ ಕೇಳಿ. ಎರಡು ಹಲ್ಲುಗಳ ಸಂದಿಯಲ್ಲಿ ಆಗತಾನೇ ಹುಟ್ಟಿದ ಸಣ್ಣ ಹುಳುಕನ್ನು ಇದು ಸರಿಯಾಗಿ ತೋರಿಸದು. ಬಾಯೊಳಗಿಟ್ಟು ತೆಗೆಯುವ ಸಣ್ಣ ಪಟವೇ ಅದಕ್ಕೆ ಮೇಲು. ಒಂದು ಹಲ್ಲಿನ ಬೇರಿನ ತುದಿಯ ಸೂಕ್ಷ್ಮವನ್ನು ನೋಡುವುದಕ್ಕೂ ಸಣ್ಣ ಪಟವೇ ಸರಿ. ದೊಡ್ಡ ಪಟದಲ್ಲಿ ಹಲ್ಲುಗಳು ಒಂದರ ಮೇಲೊಂದು ಬೀಳುತ್ತವೆ, ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತವೆ, ಬೆನ್ನೆಲುಬಿನ ನೆರಳು ಮುಂದಿನ ಹಲ್ಲುಗಳ ಮೇಲೆ ಕವಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಬಾಯಿಯ ಕ್ಯಾನ್ಸರಿನ ಮಾತು. ಅದು ಹುಟ್ಟುವುದು ಹೆಚ್ಚಾಗಿ ನಾಲಗೆ, ಕೆನ್ನೆ, ವಸಡಿನ ಮೆತ್ತನೆಯ ಪೊರೆಯಲ್ಲಿ. ಅಲ್ಲಿರುವಾಗ ಈ ಪಟದಲ್ಲಿ ಅದು ಕಾಣುವುದೇ ಇಲ್ಲ. ಎಲುಬಿಗೆ ಇಳಿದು, ಎಲುಬಿನ ಸುಣ್ಣಾಂಶ ಸುಮಾರು ಮೂರನೆಯ ಒಂದು ಪಾಲಾದರೂ ಕರಗಿದ ಮೇಲೆಯೇ ಅದರ ಗುರುತು ಪಟದಲ್ಲಿ ಬೀಳುವುದು. ಆದ್ದರಿಂದ “ಫುಲ್ ಫೋಟೋದಲ್ಲಿ ಏನೂ ಇಲ್ಲ, ಹೋಗಿ” ಎಂಬ ಮಾತನ್ನು ನಂಬಿ ಬಿಳಿಮಚ್ಚೆಯನ್ನೋ ಆರದ ಹುಣ್ಣನ್ನೋ ಇಟ್ಟುಕೊಂಡು ಕೂತವನು ಪ್ರಾಣವನ್ನೇ ಕಳೆದುಕೊಳ್ಳಬಹುದು. ಒಂದು ಕನ್ನಡಿ, ಒಂದು ದೀಪ, ವೈದ್ಯನ ಎರಡು ಕಣ್ಣು, ತಡವಿ ನೋಡುವ ಬೆರಳು — ಇವು ಕಾಣುವುದನ್ನು ಲಕ್ಷಗಟ್ಟಲೆ ಬೆಲೆಯ ಯಂತ್ರ ಕಾಣದು. ಬಾಯಿ ನೋಡದೆ ಪಟ ತೆಗೆಯುವವನು ಹಣವನ್ನಷ್ಟೇ ಕೀಳುತ್ತಿಲ್ಲ, ರೋಗವನ್ನೂ ಕೈಬಿಡುತ್ತಿದ್ದಾನೆ.

ಮಾರಾಟದ ಪಟ

ಪಟ ತೆಗೆಯುವುದಕ್ಕೆ ಕಾರಣವಿರಬೇಕು, ಲಾಭ ಹಾನಿಗಿಂತ ಹೆಚ್ಚಿರಬೇಕು, ಕಿರಣ ಆದಷ್ಟು ಕಡಿಮೆಯಿರಬೇಕು — ಇದು ನಾವು ಹೊಸದಾಗಿ ಕಟ್ಟಿದ ಸೂತ್ರವಲ್ಲ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 1977ರಲ್ಲೇ ಇದನ್ನು ಮುಂದಿಟ್ಟಿದೆ. ದಂತವೈದ್ಯದ ಪಾಠವೂ ಅದೇ: ಮೊದಲು ರೋಗಿಯ ಮಾತು ಕೇಳು, ಆಮೇಲೆ ಬಾಯಿ ನೋಡು, ಆಮೇಲೆ ಬೇಕಾದರೆ ಪಟ ತೆಗೆ. ಕೌಂಟರಿನಲ್ಲೇ ಚೀಟಿ ಹರಿಯುವವರು ಪಾಠವನ್ನೇ ತಲೆಕೆಳಗು ಮಾಡಿದ್ದಾರೆ.

ಏಕೆ ಹೀಗಾಗುತ್ತದೆ? ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ಸಾಲ ತಂದು ಯಂತ್ರ ಕೊಂಡವನಿಗೆ ತಿಂಗಳ ಕಂತು ತಪ್ಪದು. ದಿನಕ್ಕೆ ಇಷ್ಟು ಪಟ ತೆಗೆದರೆ ಕಂತು ತುಂಬುತ್ತದೆ. ಹಲ್ಲುನೋವು ಲೆಕ್ಕ ನೋಡಿಕೊಂಡು ಬರುವುದಿಲ್ಲ. ಆದ್ದರಿಂದ ಬಂದವರನ್ನೆಲ್ಲ ಯಂತ್ರದ ಮುಂದೆ ನಿಲ್ಲಿಸಬೇಕು. ಯಂತ್ರವಿಲ್ಲದವನು ಪಕ್ಕದ ಬೀದಿಯ ಯಂತ್ರದವನಲ್ಲಿಗೆ ಕಳಿಸಿ ಪಾಲು ಎಣಿಸುತ್ತಾನೆ. ದಂತವೈದ್ಯರಿಗಾಗಿ 2014ರಲ್ಲಿ ಪ್ರಕಟವಾದ ನೀತಿಸಂಹಿತೆಯು ಇಂಥ ಕಮಿಷನ್ನನ್ನು ಅನೈತಿಕವೆಂದು ಹೇಳಿತು. ಕಾಗದದ ಮೇಲಿನ ನೀತಿಗೆ ಕಂತಿನ ಭಯ ಗೊತ್ತಿಲ್ಲ! ದಸರೆಗೋ ದೀಪಾವಳಿಗೋ “ಉಚಿತ ದಂತ ತಪಾಸಣಾ ಶಿಬಿರ” ಎಂದು ಬ್ಯಾನರು ಕಟ್ಟಿ, ಉಚಿತ ಪಟ ತೆಗೆದು, ಅದರಲ್ಲಿ ಕಾಣುವ ಕಪ್ಪು ನೆರಳನ್ನೆಲ್ಲ ಬೆರಳಿಟ್ಟು ತೋರಿಸಿ ಹೆದರಿಸಿ, ಇಂಪ್ಲಾಂಟಿನ ಚೀಟಿ ಬರೆಯುವ ಉಪಾಯವನ್ನೂ ನಾವು ಕಂಡಿದ್ದೇವೆ. ಗಾಳಕ್ಕೆ ಸಿಕ್ಕಿಸಿದ ಎರೆಹುಳು ಮೀನಿಗೆ ಉಚಿತವೇ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ನಮ್ಮ ಜಗಳ ವೈದ್ಯರ ಮೇಲಲ್ಲ. ಮೇಲೆ ಹೇಳಿದ ತಾಯಿಯ ಒಂದು ಹಲ್ಲನ್ನು ಒಂದೇ ಹಲ್ಲೆಂದು ಹೇಳಿದವರೂ ವೈದ್ಯರೇ. ಖಾಸಗಿ ಕಾಲೇಜಿನಲ್ಲಿ ಲಕ್ಷಗಟ್ಟಲೆ ತೆತ್ತು ಓದಿ, ಸರಣಿ ದವಾಖಾನೆಗಳಲ್ಲಿ ಅಲ್ಪ ಸಂಬಳಕ್ಕೆ ಸೇರಿ, “ಈ ತಿಂಗಳು ಇಷ್ಟು ವ್ಯವಹಾರ ತರಬೇಕು” ಎಂಬ ಕಟ್ಟಳೆಯಡಿ ದುಡಿಯುವ ಎಳೆಯ ದಂತವೈದ್ಯರು ನಮ್ಮ ಹಾಗೆಯೇ ಕೂಲಿಯವರು. ಮಿಲ್ಲಿನಲ್ಲಿ ನೂಲಿಗೆ ಲೆಕ್ಕ, ಅಲ್ಲಿ ಹಲ್ಲಿಗೆ ಲೆಕ್ಕ. ಅವರು ನಮ್ಮ ಪಕ್ಕಕ್ಕೆ ಬರಬೇಕಾದವರು.

ಸಿಗದ ಪಟ

ಈಗ ಇನ್ನೊಂದು ಮುಖ. ಮಿಲ್ ಕಾರ್ಮಿಕನ ಸಂಬಳದಲ್ಲಿ ಇ.ಎಸ್.ಐ.ಗೆಂದು ಹಣ ಮುರಿಯುತ್ತಾರೆ. 1948ರ ಕಾಯಿದೆಯಿಂದ ಹುಟ್ಟಿ 1952ರಲ್ಲಿ ಕಾನ್ಪುರ, ದೆಹಲಿಗಳಲ್ಲಿ ಆರಂಭವಾದ ಯೋಜನೆ ಅದು. 2019ರ ಜುಲೈಯಲ್ಲಿ ಗೊತ್ತುಮಾಡಿದ ದರದಂತೆ ನೂರು ರೂಪಾಯಿಗೆ ಕಾರ್ಮಿಕನದು ಮುಕ್ಕಾಲು ರೂಪಾಯಿ, ಮಾಲೀಕನದು ಮೂರೂಕಾಲು ರೂಪಾಯಿ. ತಿಂಗಳಿಗೆ 15,000 ರೂಪಾಯಿ ಪಡೆಯುವವನ ಹೆಸರಿನಲ್ಲಿ ಈ ದರದಲ್ಲಿ 600 ರೂಪಾಯಿ, ವರ್ಷಕ್ಕೆ 7,200 ರೂಪಾಯಿ ಸಂದಾಯವಾಗುತ್ತದೆ. ಮಾಲೀಕನ ಪಾಲು ಅವನ ಧರ್ಮವೆಂದು ಯಾರೂ ಭಾವಿಸಬೇಡಿ. ಅದೂ ನಮ್ಮ ಬೆವರೇ. ಇಷ್ಟು ಕೊಟ್ಟವನಿಗೆ ಹಲ್ಲುನೋವು ಬಂದರೆ ಗುಳಿಗೆ ಕೊಟ್ಟು ಕಳಿಸುವುದು, ಎರಡನೆಯ ಸಲ ಬಂದರೆ ಹಲ್ಲು ಕಿತ್ತು ಕಳಿಸುವುದು ನ್ಯಾಯವೇ? ಬಡವನ ಹಲ್ಲಿಗೆ ಇಕ್ಕಳವೇ ಔಷಧ ಎಂದು ಯಾವ ವೈದ್ಯಶಾಸ್ತ್ರದಲ್ಲಿ ಬರೆದಿದೆ?

ಸಣ್ಣ ವ್ಯಾಪಾರಿಗೆ ಇ.ಎಸ್.ಐ.ಯ ಈ ಆಸರೆಯೂ ಇಲ್ಲ. ಗಲ್ಲೆಯಿಂದ ತೆಗೆದುಕೊಟ್ಟರೆ ಚಿಕಿತ್ಸೆ, ಇಲ್ಲವಾದರೆ ಇಲ್ಲ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಯೋಜನೆಯ ಕಾರ್ಡು ಇದ್ದರೂ ಅದನ್ನು ರೂಪಿಸಿದ್ದು ಆಸ್ಪತ್ರೆಗೆ ಸೇರಿ ಮಲಗುವವರಿಗೆ. ಹಲ್ಲುನೋವಿನವನು ನಡೆದು ಹೋಗಿ ನಡೆದು ಬರುತ್ತಾನೆ. ದವಡೆ ಕತ್ತರಿಸುವ ದಿನ ಬಂದರೆ ಕಾರ್ಡು ನೆರವಾದೀತು; ದವಡೆ ಉಳಿಸುವ ಪಟಕ್ಕೆ ನೆರವಾಗದು. 2014ರಲ್ಲಿ ಕರ್ನಾಟಕ ಸರ್ಕಾರ ದಂತಭಾಗ್ಯ ಎಂಬ ಯೋಜನೆಯನ್ನು ತಂದು ಬಡ ಕುಟುಂಬಗಳ ವೃದ್ಧರಿಗೆ ಉಚಿತ ಹಲ್ಲಿನ ಸೆಟ್ಟು ಕೊಡಲು ಹೊರಟಿತು. ಅದು ಒಳ್ಳೆಯ ಕೆಲಸವೇ, ನಾವು ಅದನ್ನು ಹಳಿಯುವುದಿಲ್ಲ. ಆದರೆ ಹಲ್ಲೆಲ್ಲ ಉದುರಿದ ಮೇಲೆ ಸೆಟ್ಟು ಕೊಡುವ ಸರ್ಕಾರಕ್ಕೆ, ಉದುರುವ ಮುಂಚೆ ಒಂದು ಪಟ ತೆಗೆದು ನೋಡುವ ಮನಸ್ಸು ಏಕೆ ಬಾರದು? ಕೊಟ್ಟಿಗೆ ಸುಟ್ಟ ಮೇಲೆ ಹಗ್ಗ ಕೊಡುವವರನ್ನು ದಾನಿಗಳೆನ್ನಬೇಕೆ?

ಹಲ್ಲಿನ ವಿಷಯ ರಾಜಕಾರಣಕ್ಕೆ ತಕ್ಕುದಲ್ಲವೆಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ಬ್ರಿಟನ್ನಿನ ಒಂದು ಪ್ರಸಂಗವನ್ನು ಜ್ಞಾಪಿಸುತ್ತೇವೆ. ಗಣಿ ಕಾರ್ಮಿಕರ ನಡುವೆ ಬೆಳೆದ ಅನ್ಯೂರಿನ್ ಬೆವನ್ ಆರೋಗ್ಯ ಮಂತ್ರಿಯಾಗಿ 1948ರ ಜುಲೈ 5ರಂದು ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದರು. ಹಲ್ಲು, ಕನ್ನಡಕ ಎಲ್ಲವೂ ಜನಕ್ಕೆ ಉಚಿತ. ಮೂರೇ ವರ್ಷಗಳಲ್ಲಿ ಅವರದೇ ಲೇಬರ್ ಸರ್ಕಾರ, ಕೊರಿಯಾ ಯುದ್ಧದ ಶಸ್ತ್ರಾಸ್ತ್ರಗಳಿಗೆ ಹಣ ಹೊಂದಿಸುವಾಗ, ಕಟ್ಟುವ ಹಲ್ಲಿಗೂ ಕನ್ನಡಕಕ್ಕೂ ಶುಲ್ಕ ಹಾಕಿತು. 1951ರ ಏಪ್ರಿಲಿನಲ್ಲಿ ಬೆವನ್ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟು ಹೊರನಡೆದರು. ಬಡವನ ಹಲ್ಲಿಗಾಗಿ ಕುರ್ಚಿ ಬಿಟ್ಟ ಮಂತ್ರಿ ಆತ. ನಮ್ಮ ಮಂತ್ರಿಗಳಲ್ಲಿ ಕುರ್ಚಿಗಾಗಿ ಹಲ್ಲು ಕಿರಿಯುವವರನ್ನಷ್ಟೇ ಕಂಡಿದ್ದೇವೆ.

ಮೂರು ಆಕ್ಷೇಪಣೆ

“ಸರ್ಕಾರದಲ್ಲಿ ಹಣವಿಲ್ಲ, ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು” ಎನ್ನುತ್ತಾರೆ. ಒಬ್ಬ ಖಾಸಗಿಯವನು ಒಂದು ಬೀದಿಯ ರೋಗಿಗಳಿಂದ ಯಂತ್ರದ ಸಾಲ ತೀರಿಸಿ ಲಾಭವನ್ನೂ ಮಾಡಬಲ್ಲನಾದರೆ, ಇಡೀ ತಾಲ್ಲೂಕಿನ ಜನ ಬಳಸುವ ಯಂತ್ರವನ್ನು ಸರ್ಕಾರಕ್ಕೆ ಸಾಕಲಾಗದೇ? ಹಣವಿಲ್ಲವೆಂಬ ಮಾತು ನಮ್ಮ ಕೆಲಸಕ್ಕೆ ಮಾತ್ರ ಏಕೆ ಬರುತ್ತದೆ?

“ಬಡವರು ಹಲ್ಲುಜ್ಜುವುದಿಲ್ಲ, ತಂಬಾಕು ಜಗಿಯುತ್ತಾರೆ, ಅನುಭವಿಸಲಿ” ಎನ್ನುತ್ತಾರೆ. ರಾತ್ರಿ ಪಾಳಿಯಲ್ಲಿ ನಿದ್ದೆ ತಡೆಯಲು ಬಾಯಿಗೆ ಹಾಕಿದ್ದು ಚಟವಾಯಿತು. ಚಟ ತಪ್ಪೇ, ಬಿಡಬೇಕೆಂದು ನಾವು ನಮ್ಮವರಿಗೆ ಒತ್ತಿ ಹೇಳುತ್ತೇವೆ. ಅಡಿಕೆಯೊಂದೇ ಜಗಿದರೂ ಕ್ಯಾನ್ಸರ್ ತರಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಹೇಳಿದೆ. ಆದರೆ ಮಾರುವವನಿಗೆ ಲೈಸನ್ಸು, ತಿಂದವನಿಗೆ ಶಿಕ್ಷೆ ಎಂಬ ನ್ಯಾಯವನ್ನು ನಾವು ಒಪ್ಪೆವು.

“ಎಕ್ಸ್‌ರೇ ಎಂದರೆ ವಿಷಕಿರಣ, ಹತ್ತಿರ ಹೋಗಬೇಡಿ” ಎಂದು ಹೆದರುವ ನಮ್ಮವರೂ ಇದ್ದಾರೆ. ಅವರಿಗೆ ಲೆಕ್ಕ ಹೇಳುತ್ತೇವೆ. ನೆಲ, ಗಾಳಿ, ಆಕಾಶದಿಂದ ಪ್ರತಿಯೊಬ್ಬರ ಮೈಗೂ ವರ್ಷಕ್ಕೆ ಲೋಕದ ಸರಾಸರಿಯಲ್ಲಿ ಸುಮಾರು 2,400 ಮೈಕ್ರೋಸೀವರ್ಟಿನಷ್ಟು ಕಿರಣ ತಾಗುತ್ತದೆ. ಒಂದು ಓ.ಪಿ.ಜಿ. ಪಟದ್ದು ಸಾಮಾನ್ಯವಾಗಿ 25 ಮೈಕ್ರೋಸೀವರ್ಟಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಅಂದರೆ ಮೂರು ನಾಲ್ಕು ದಿನ ಬದುಕಿದ್ದಷ್ಟೇ. ಬೇಕಾದ ಪಟಕ್ಕೆ ಹೆದರಬೇಡಿ. ಆದರೆ ಅಲ್ಪವೆಂದು ಬೇಡದ ಪಟವನ್ನು ಒಪ್ಪಲೂ ಬೇಡಿ. ಅದರಲ್ಲೂ ಮಕ್ಕಳಿಗೆ ವರ್ಷವರ್ಷ ಸುಮ್ಮನೆ ತೆಗೆಸುವುದು ಕೂಡದು. ಬಸುರಿಯಾಗಿದ್ದರೆ ಮೊದಲೇ ವೈದ್ಯರಿಗೆ ತಿಳಿಸಬೇಕು.

ನಾವು ಕೇಳುವುದಿಷ್ಟು

ಒಂದು: ಪ್ರತಿ ಜಿಲ್ಲಾಸ್ಪತ್ರೆ, ಪ್ರತಿ ಇ.ಎಸ್.ಐ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಓ.ಪಿ.ಜಿ. ಯಂತ್ರವೂ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಸಣ್ಣ ಪಟದ ಯಂತ್ರವೂ ಇರಬೇಕು. ಎಲ್ಲಿ ಇದೆ, ಎಲ್ಲಿ ಇಲ್ಲ, ಎಲ್ಲಿ ಕೆಟ್ಟು ಕೂತಿದೆ ಎಂಬ ಪಟ್ಟಿಯನ್ನು ಸರ್ಕಾರ ಪ್ರಕಟಿಸಬೇಕು. ತಾಲ್ಲೂಕಿನಿಂದ ಚೀಟಿ ತಂದವನಿಗೆ ಜಿಲ್ಲೆಯಲ್ಲಿ ಉಚಿತ ಪಟ, ಹೋಗಿಬರುವ ಬಸ್ ಖರ್ಚು ಸಿಗಬೇಕು.

ಎರಡು: ಬಾಯಿ ಪರೀಕ್ಷಿಸಿ ಕಾರಣ ಬರೆಯದೆ ಯಾವ ದವಾಖಾನೆಯೂ ಪಟಕ್ಕೆ ಚೀಟಿ ಕೊಡಕೂಡದು.

ಮೂರು: ಹಣ ಕೊಟ್ಟವನ ಪಟ ಅವನ ಕೈಗೆ ಬರಬೇಕು. ಪಟದಲ್ಲಿ ಕಂಡದ್ದೇನೆಂದು ಸಹಿ ಹಾಕಿ ಬರೆದುಕೊಡಬೇಕು. ಪಟ ಕೈಯಲ್ಲಿದ್ದರೆ ಎರಡನೆಯ ವೈದ್ಯರನ್ನು ಕೇಳಬಹುದು, ಎರಡನೆಯ ಪಟದ ಖರ್ಚೂ ತಪ್ಪುತ್ತದೆ.

ನಾಲ್ಕು: ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕರ್ನಾಟಕ ಕಾಯಿದೆಯಂತೆ ದರಪಟ್ಟಿ ಜನರ ಕಣ್ಣಿಗೆ ಬೀಳುವಂತಿರಬೇಕು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದ ಯಂತ್ರ ಒಂದು ದಿನವೂ ತಿರುಗಬಾರದು.

ಇವೆಲ್ಲ ಅರ್ಜಿ ಬರೆದ ಮಾತ್ರಕ್ಕೆ ಆಗುವುದಿಲ್ಲವೆಂದು ನಮಗೆ ಗೊತ್ತಿದೆ. ಆದರೂ ಅರ್ಜಿಯಿಂದಲೇ ತೊಡಗೋಣ. ಪ್ರತಿ ಮಿಲ್ಲಿನ ಯೂನಿಯನ್ನು, ಪ್ರತಿ ಪೇಟೆಯ ವರ್ತಕರ ಸಂಘ 2005ರ ಮಾಹಿತಿ ಹಕ್ಕು ಕಾಯಿದೆಯಡಿ ತನ್ನ ಆಸ್ಪತ್ರೆಗೆ ಮೂರು ಪ್ರಶ್ನೆ ಹಾಕಲಿ: ಹಲ್ಲಿನ ಎಕ್ಸ್‌ರೇ ಯಂತ್ರ ಇದೆಯೇ? ಕೆಲಸ ಮಾಡುತ್ತಿದೆಯೇ? ಕಳೆದ ತಿಂಗಳು ಎಷ್ಟು ಮಂದಿಗೆ ಪಟ ತೆಗೆದಿರಿ? ಉತ್ತರಗಳನ್ನು ನಮ್ಮ ಕಛೇರಿಗೆ ಕಳಿಸಿ. ವಾರವಾರವೂ ಅಚ್ಚು ಹಾಕುತ್ತೇವೆ.

ಅಲ್ಲಿಯವರೆಗೆ, ದವಾಖಾನೆಯ ಕೌಂಟರಿನಲ್ಲಿ ಚೀಟಿ ಮುಂದೆ ಬಂದಾಗ ನಮ್ಮ ಓದುಗರು ಹೆದರದೆ, ಒರಟಾಗಿ ಆಡದೆ, ಒಂದೇ ಮಾತು ಹೇಳಲಿ: “ಡಾಕ್ಟರೇ, ಮೊದಲು ನನ್ನ ಬಾಯಿ ನೋಡಿ. ಪಟ ಏಕೆ ಬೇಕೆಂದು ಹೇಳಿ. ಬೇಕಾದರೆ ಖಂಡಿತ ತೆಗೆಸುತ್ತೇನೆ.” ಒಳ್ಳೆಯ ವೈದ್ಯರು ಈ ಮಾತಿಗೆ ಸಂತೋಷಪಡುತ್ತಾರೆ. ಸಿಟ್ಟಾಗುವವರ ದವಾಖಾನೆಯಿಂದ ಎದ್ದು ಬಂದರೆ ನಷ್ಟವಿಲ್ಲ.